ಪ್ರಶಸ್ತಿಗೃಹ ಲಕ್ಷಣ ವಿಚಾರ

ಕಟ್ಟಡವೊಂದು ಚೆನ್ನಾಗಿದೆಯೋ ಇಲ್ಲವೋ ತಿಳಿಯಬೇಕಾದರೆ ಅದರೊಳಗೆ ನಾಲ್ಕು ಮಳೆಗಾಲ ಕಳೆಯಬೇಕು ಎಂಬ ಮೂಢನಂಬಿಕೆ ನಮ್ಮ ಹಿರಿಯರಲ್ಲಿ ಬಲವಾಗಿತ್ತು. ಈಗ ಆ ಕಷ್ಟವಿಲ್ಲ. ಒಂದಿಷ್ಟು ಫೋಟೊ, ಒಂದು ನಕ್ಷೆ, 'ನೆಲದ ನೆನಪು', 'ಬೆಳಕಿನೊಡನೆ ಸಂವಾದ' ಮುಂತಾದ ಮಾತುಗಳಿರುವ ಒಂದು ಪುಟದ ಟಿಪ್ಪಣಿ, ಜೊತೆಗೆ ಪ್ರವೇಶ ಶುಲ್ಕ, ಇಷ್ಟಿದ್ದರೆ ಪ್ರಾದೇಶಿಕ ವಾಸ್ತುಶಿಲ್ಪದ ಉತ್ಕೃಷ್ಟತೆಯನ್ನು ಎ.ಸಿ. ಕೋಣೆಯಲ್ಲಿ ಕೂತು ಊಟದ ಹೊತ್ತಿನೊಳಗೆ ನಿರ್ಣಯಿಸಬಹುದು. ಆದರೆ ಇಂಥ ಮಹತ್ತರ ನಿರ್ಣಯಕ್ಕೆ ಸೂತ್ರ, ವೃತ್ತಿ, ಭಾಷ್ಯಗಳ ಆಸರೆ ಇಲ್ಲದಿರುವುದು ವಿದ್ವಲ್ಲೋಕ ತಲೆತಗ್ಗಿಸಬೇಕಾದ ಸಂಗತಿ. ಆ ಕೊರತೆಯನ್ನು ನೀಗಿಸುವುದೇ ಈ ಪ್ರಬಂಧದ ಪ್ರಯೋಜನ. ಇದನ್ನು ಓದಲು ಅಧಿಕಾರಿಗಳು ಯಾರೆಂದರೆ ತೀರ್ಪುಗಾರರು, ತೀರ್ಪುಗಾರರಾಗಲು ಹವಣಿಸುತ್ತಿರುವವರು ಮತ್ತು ಸ್ವಂತ ಮನೆ ಸೋರುತ್ತಿರುವ ಸಮಸ್ತರು.

ಪೂರ್ವೇತಿಹಾಸ

ಕಟ್ಟಡಕ್ಕೆ ಪ್ರಶಸ್ತಿ ಕೊಡುವ ಅಭ್ಯಾಸ ಹೊರಗಿನಿಂದ ಬಂದದ್ದು ಎನ್ನುವವರು ಒಮ್ಮೆ ಪಟ್ಟದಕಲ್ಲಿಗೆ ಹೋಗಿ ಬರಲಿ. ಕಂಚಿಯನ್ನು ಗೆದ್ದ ಚಾಲುಕ್ಯರ ಎರಡನೆಯ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ 8ನೆಯ ಶತಮಾನದಲ್ಲಿ ಕಟ್ಟಿಸಿದ ಗುಡಿ ಅಲ್ಲಿದೆ; ಈಗ ಅದಕ್ಕೆ ವಿರೂಪಾಕ್ಷ ಎನ್ನುತ್ತೇವೆ. ಗುಡಿಯ ಸೂತ್ರಧಾರಿ ಗುಂಡ ಅನಿವಾರಿತಾಚಾರಿಗೆ 'ಪೆರ್ಜೆರೆಪು' ಎಂಬ ಪಟ್ಟವನ್ನೂ 'ತ್ರಿಭುವನಾಚಾರಿ' ಎಂಬ ಹೆಸರನ್ನೂ ಕೊಟ್ಟದ್ದನ್ನು ಅಲ್ಲಿನ ಕನ್ನಡ ಶಾಸನ ಹೇಳುತ್ತದೆ. ಅಲ್ಲೇ ಇರುವ ಇನ್ನೊಂದು ಬರಹ ಸರ್ವಸಿದ್ಧಿ ಆಚಾರಿಯನ್ನು ತೆಂಕಣ ದಿಕ್ಕಿನ ಸೂತ್ರಧಾರಿ ಎಂದು ಕೊಂಡಾಡಿ, ಅವನು ಮನೆ, ಅರಮನೆ, ವಾಹನ, ಆಸನ, ಮಂಚ, ಕಿರೀಟಗಳವರೆಗೆ ಎಲ್ಲದರಲ್ಲೂ ನಿಪುಣ ಎನ್ನುತ್ತದೆ. ಗೋಡೆಯಿಂದ ಸೋಫಾವರೆಗೆ ಎಲ್ಲವನ್ನೂ ಒಬ್ಬರೇ ಮಾಡಿಕೊಡುವ ಈಗಿನ ಟರ್ನ್‌ಕೀ ಪದ್ಧತಿಯ ಮೂಲ ಇಲ್ಲಿದೆ. ಕಿರೀಟವೊಂದು ಬಿಟ್ಟುಹೋಯಿತು, ಅದನ್ನೂ ಬಿಲ್ಲಿಗೆ ಸೇರಿಸುವ ಕಾಲ ದೂರವಿಲ್ಲ.

ಕೊಪ್ಪಳ ಸೀಮೆಯ ಇಟಗಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. 1112ರಲ್ಲಿ ಮಹಾದೇವ ದಂಡನಾಯಕ ಕಟ್ಟಿಸಿದ ಗುಡಿಗೆ, ಅಂದರೆ ಕಟ್ಟಡಕ್ಕೇ, ಶಾಸನ 'ದೇವಾಲಯ ಚಕ್ರವರ್ತಿ' ಎಂಬ ಬಿರುದು ಕೊಟ್ಟಿದೆ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನ ಮಗ ಚಾವಣ ತನ್ನ ಶಿಲ್ಪದ ಕೆಳಗೆ ಹೆಸರಿನ ಜೊತೆಗೆ, ಬಿರುದು ಹೊತ್ತ ಇತರ ರೂವಾರಿಗಳೆಂಬ ಮನ್ಮಥರಿಗೆ ತಾನು ಮಹೇಶ್ವರ ಎಂಬ ಅರ್ಥದ ಬಿರುದನ್ನೂ ಕೊರೆಸಿಕೊಂಡ. ಇಂದಿನ ಶಿಲ್ಪಿಗಳು ಇದೇ ಮಾತನ್ನು ಬೇರೆಯವರ ಕಟ್ಟಡದ ಕಾಫಿ ಸಮಾರಂಭದಲ್ಲಿ ತಗ್ಗಿದ ದನಿಯಲ್ಲಿ ಹೇಳುತ್ತಾರೆ. ಸೋಮನಾಥಪುರದ ಮಲ್ಲಿತಮ್ಮನೋ ತನ್ನ ಹೆಸರನ್ನು ಎಷ್ಟು ಸಲ ಕೊರೆದನೆಂದರೆ, ಕೆಲವು ಕಡೆ ಸಾಕಾಗಿ 'ಮಲ್ಲಿ' ಎಂದೂ 'ಮ' ಎಂದೂ ನಿಲ್ಲಿಸಿದ.

ಈ ಪುರಾತನ ಪದ್ಧತಿಯಲ್ಲಿ ಗಂಭೀರ ದೋಷಗಳಿದ್ದವು. ಪಟ್ಟ ಸಿಕ್ಕುತ್ತಿದ್ದದ್ದು ಕಲ್ಲು ಮುಟ್ಟಿದವನಿಗೆ. ಅದೂ ಗುಡಿ ಎದ್ದು ನಿಂತ ಮೇಲೆ. ಬಿರುದನ್ನು ಅದೇ ಕಲ್ಲಿನಲ್ಲಿ ಕೊರೆಯುತ್ತಿದ್ದುದರಿಂದ ಕಟ್ಟಡ ಬಿದ್ದರೆ ಬಿರುದೂ ಬೀಳುವ ಅಪಾಯವಿತ್ತು. ಆಧುನಿಕ ಶಾಸ್ತ್ರ ಈ ಮೂರನ್ನೂ ನಿವಾರಿಸಿದೆ. ಫಲಕ ಈಗ ಶಿಲ್ಪಿಯ ಆಫೀಸಿನಲ್ಲಿರುತ್ತದೆ. ಕಟ್ಟಡಕ್ಕೆ ಏನಾದರೂ ಅದಕ್ಕೆ ಏನೂ ಆಗುವುದಿಲ್ಲ.

ಪ್ರಾದೇಶಿಕತ್ವ ನಿರೂಪಣೆ

ಪ್ರಾದೇಶಿಕತೆ ಎಂದರೇನು? ಟ್ಜೋನಿಸ್ ಮತ್ತು ಲೆಫೇವ್ರ್ ಎಂಬ ವಿದ್ವಾಂಸರು 1981ರಲ್ಲಿ 'ವಿಮರ್ಶಾತ್ಮಕ ಪ್ರಾದೇಶಿಕತೆ' ಎಂಬ ಹೆಸರಿಟ್ಟರು, ಕೆನೆತ್ ಫ್ರಾಂಪ್ಟನ್ 1983ರ ಪ್ರಬಂಧದಲ್ಲಿ ಅದನ್ನು ಪ್ರಸಿದ್ಧಗೊಳಿಸಿದರು. ನೆಲದ ಇಳಿಜಾರು, ಆ ಊರಿನ ಬೆಳಕು, ಹವೆ ಇವುಗಳಿಗೆ ಕಟ್ಟಡ ಉತ್ತರ ಕೊಡಬೇಕು, ಬರೀ ಕಣ್ಣಿಗಲ್ಲ ಮೈಗೂ ಅದು ತಿಳಿಯಬೇಕು ಎಂಬುದು ಫ್ರಾಂಪ್ಟನ್ ವಾದ. ನಮ್ಮವರು ಇದನ್ನು ಒಪ್ಪಿ, ಮೈಗೆ ತಿಳಿಯುವಂತೆ ಫೋಟೊ ತೆಗೆಸಿದರು.

ಸೂತ್ರ: ಯತ್ರ ಯತ್ರ ಹೆಂಚು, ತತ್ರ ತತ್ರ ಪರಂಪರೆ. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವ ನೈಯಾಯಿಕನಂತೆ ತೀರ್ಪುಗಾರನು ಹೆಂಚನ್ನು ಕಂಡು ಪರಂಪರೆಯನ್ನು ಊಹಿಸತಕ್ಕದ್ದು. ಪೂರ್ವಪಕ್ಷಿ ಇಲ್ಲಿ ಎದ್ದು ನಿಂತು ಆಕ್ಷೇಪಿಸುತ್ತಾನೆ: ಮಂಗಳೂರು ಹೆಂಚು ಅನಾದಿಯಲ್ಲ, 1865ರಲ್ಲಿ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಎಂಬ ಜರ್ಮನ್ ಮಿಷನರಿ ಕಾರ್ಖಾನೆ ತೆರೆದ ಮೇಲೆ ಬಂದದ್ದು, ಅದಕ್ಕೆ ಮುಂಚೆ ಕರಾವಳಿಯ ಬಡವರ ಮಾಡಿಗೆ ಮುಳಿಹುಲ್ಲು, ಮಲೆನಾಡಿನಲ್ಲಿ ಅಡಿಕೆ ಸೋಗೆ ಇತ್ತಲ್ಲವೆ? ಸಮಾಧಾನ: ಪ್ರಶಸ್ತಿಶಾಸ್ತ್ರದ ಪ್ರಕಾರ ಅಜ್ಜನ ಕಾಲಕ್ಕೆ ಇದ್ದದ್ದೆಲ್ಲ ಅನಾದಿ. ಸೋಗೆಯ ಫೋಟೊ ಚೆನ್ನಾಗಿ ಬರುತ್ತದಾದರೂ ಮುಂದಿನ ವರ್ಷ ಮತ್ತೆ ಹೊದಿಸಬೇಕು. ಆ ಹೊತ್ತಿಗೆ ಪತ್ರಿಕೆಯ ಸಂಚಿಕೆ ಬದಲಾಗಿರುತ್ತದೆ.

ಮುಖ್ಯವಾದದ್ದು, ಉತ್ಕೃಷ್ಟ ಕಟ್ಟಡದಲ್ಲಿ ಹೆಂಚಿಗೆ ಕೆಲಸ ಇರಬಾರದು. ಮೊದಲು ಕಾಂಕ್ರೀಟಿನ ಇಳಿಜಾರು ತಾರಸಿ ಹಾಕಿ, ಮೇಲೆ ಸಿಮೆಂಟಿನಲ್ಲಿ ಹೆಂಚು ಅಂಟಿಸಬೇಕು. ಹಳೆಯ ಮನೆಯಲ್ಲಿ ಹೆಂಚಿನ ಸಂದಿಯಲ್ಲಿ ಗಾಳಿ ಆಡುತ್ತಿತ್ತು, ಅಡುಗೆಮನೆಯ ಹೊಗೆ ಹೊರಗೆ ಹೋಗುತ್ತಿತ್ತು, ಒಂದು ಹೆಂಚು ಒಡೆದರೆ ಮನೆಯ ಹುಡುಗ ಏಣಿ ಹತ್ತಿ ಇನ್ನೊಂದನ್ನು ಸಿಕ್ಕಿಸುತ್ತಿದ್ದ. ಇಷ್ಟೆಲ್ಲ ದುಡಿಮೆಯಿಂದ ಹೆಂಚನ್ನು ಬಿಡುಗಡೆ ಮಾಡಿದ್ದು ಈ ಯುಗದ ಹಿರಿಮೆ.

ಕಂಬಗಳು ಎರಡು ವಿಧ: ಹೊರುವ ಕಂಬ ಮತ್ತು ತೋರುವ ಕಂಬ. ಹೊರುವ ಕಂಬ ಕಾಂಕ್ರೀಟಿನದು, ಗೋಡೆಯೊಳಗೆ ಅಡಗಿ ಕೂತಿರುತ್ತದೆ, ಅದಕ್ಕೆ ಪ್ರಶಸ್ತಿಯಿಲ್ಲ. ತೋರುವ ಕಂಬ ಹಳೆಯ ತೊಟ್ಟಿಮನೆಯದು, ಹಲಸು ಅಥವಾ ತೇಗದ್ದು, ಕೆತ್ತನೆಯುಳ್ಳದ್ದು. ಅದನ್ನು ಸಂಪಾದಿಸುವ ಕ್ರಮ ಹೀಗೆ: ಹಳ್ಳಿಯಲ್ಲಿ ಅಣ್ಣತಮ್ಮಂದಿರು ಪಾಲಾಗುತ್ತಾರೆ, ಮನೆ ಯಾರಿಗೂ ಬೇಡವಾಗುತ್ತದೆ, ಹಳೆ ಮರದ ವ್ಯಾಪಾರಿ ಬರುತ್ತಾನೆ. ಒಂದು ಮನೆ ಬಿದ್ದರೆ ಹಲವು ರೆಸಾರ್ಟುಗಳಿಗೆ ಪರಂಪರೆ ಹಂಚಿಕೆಯಾಗುತ್ತದೆ: ಬಾಗಿಲು ಒಂದಕ್ಕೆ, ಕಂಬ ಇನ್ನೊಂದಕ್ಕೆ, ತೊಟ್ಟಿಲು ಮತ್ತೊಂದರ ಸ್ವಾಗತಕಕ್ಷೆಗೆ. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಬೀಳಲಿದ್ದ ಮನೆಗಳನ್ನು ತುಂಡು ತುಂಡಾಗಿ ಬಿಚ್ಚಿ ತಂದು ಮತ್ತೆ ಇಡೀ ಮನೆಯಾಗಿಯೇ ನಿಲ್ಲಿಸಿದರು. ಬಿಡಿ ಮಾರಾಟದ ಈ ಕಾಲದಲ್ಲಿ ಸಗಟಾಗಿ ಉಳಿಸುವ ಅವರ ವಿಧಾನ ವ್ಯಾಪಾರದೃಷ್ಟಿಯಿಂದ ತೀರಾ ಹಿಂದುಳಿದದ್ದು ಎಂದು ದುಃಖದಿಂದ ಹೇಳಬೇಕಾಗಿದೆ.

ತೊಟ್ಟಿಯ ವಿಚಾರ. ನಡುವೆ ಆಕಾಶಕ್ಕೆ ತೆರೆದು, ನಾಲ್ಕೂ ಮಾಡುಗಳ ನೀರನ್ನು ಹಿಡಿದು, ಬಿಸಿಗಾಳಿಯನ್ನು ಮೇಲೆ ಬಿಡುತ್ತಿದ್ದ ತೊಟ್ಟಿ ಈಗಿನ ಪ್ರಶಸ್ತಿಗೃಹದಲ್ಲೂ ಕಡ್ಡಾಯ. ಆದರೆ ಮಳೆ ಬರಬಾರದು, ಧೂಳು ಬರಬಾರದು, ಕೋತಿ ಬರಬಾರದು, ಕಳ್ಳ ಬರಬಾರದು ಎಂದು ಮೇಲೆ ಗಾಜು ಹಾಕುತ್ತಾರೆ. ಆಗ ಬಿಸಿ ಒಳಗೇ ಉಳಿಯುತ್ತದೆ. ಅದಕ್ಕೆ ಎ.ಸಿ. ಹಾಕುತ್ತಾರೆ. ಎ.ಸಿ.ಗೆ ಸೌರಫಲಕ ಜೋಡಿಸುತ್ತಾರೆ. ಸೌರಫಲಕಕ್ಕೆ ಹಸಿರು ಪ್ರಮಾಣಪತ್ರದಲ್ಲಿ ಅಂಕ ಸಿಗುತ್ತದೆ. ಒಂದು ತೂತು ಮುಚ್ಚಿದ್ದರಿಂದ ಇಷ್ಟೊಂದು ಅಂಕ ಗಳಿಸಬಹುದೆಂದು ತೊಟ್ಟಿಮನೆ ಕಟ್ಟಿದ ಅಜ್ಜನಿಗೆ ಹೊಳೆದಿರಲಿಲ್ಲ. ಬಯಲುಸೀಮೆಯ ಮೇಲುಮುದ್ದೆ ಮನೆಯ ಬೆಳಕಿಂಡಿಗೂ ಇದೇ ಸಂಸ್ಕಾರ ನಡೆಯುತ್ತಿದೆ; ವಿಸ್ತರಿಸುವುದಿಲ್ಲ.

ಸಾಮಗ್ರಿಯ ಬಗ್ಗೆ ಲಾರಿ ಬೇಕರ್ ಮತ ಪ್ರಸಿದ್ಧವಾಗಿದೆ. ಮನೆಗೆ ಬೇಕಾದ ಸಾಮಾನೆಲ್ಲ ಐದು ಮೈಲಿಯೊಳಗೆ ಸಿಗಬೇಕೆಂದು ಗಾಂಧೀಜಿ ತಮಗೆ ಹೇಳಿದ್ದನ್ನು ಅವರು ನೆನೆಯುತ್ತಿದ್ದರು, ಅದರಂತೆ ಕೇರಳದಲ್ಲಿ ಕಟ್ಟಿದರು, 1990ರಲ್ಲಿ ಪದ್ಮಶ್ರೀ ಪಡೆದರು. ಪ್ರಶಸ್ತಿಶಾಸ್ತ್ರ ಈ ಮತವನ್ನು ತಿರಸ್ಕರಿಸುವುದಿಲ್ಲ, ಪರಿಷ್ಕರಿಸುತ್ತದೆ: ಸಾಮಾನು *ಯಾವುದಾದರೂ* ಊರಿನ ಐದು ಮೈಲಿಯೊಳಗೆ ಸಿಕ್ಕಿರಬೇಕು. ಆದ್ದರಿಂದ ಬೆಂಗಳೂರಿನ ಪ್ರಾದೇಶಿಕ ಮನೆಗೆ ಕರಾವಳಿಯ ಮುರಕಲ್ಲು, ತಮಿಳುನಾಡಿನ ಆತಂಗುಡಿ ಟೈಲು, ರಾಜಸ್ಥಾನದ ಜಾಲಂದ್ರ ಬರಬಹುದು. ಸಾದಹಳ್ಳಿ ಕಲ್ಲು ಮಾತ್ರ ಬೇಡ, ತೀರಾ ಹತ್ತಿರದ್ದು.

ಸೋರಿಕಾ ಪ್ರಕರಣ

ಇದು ಈ ಪ್ರಬಂಧದ ಹೃದಯ. ತಾಪಗಳಂತೆ ಸೋರಿಕೆಯೂ ತ್ರಿವಿಧ. ಆಕಾಶದಿಂದ ಬರುವುದು ಆಧಿದೈವಿಕ; ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ಮೀರಿ ಸುರಿಯುವಾಗ ಶಿಲ್ಪಿ ದೇವರನ್ನು ತೋರಿಸುತ್ತಾನೆ. ಪಾಯಿಖಾನೆಯ ಪೈಪಿನಿಂದ ಬರುವುದು ಆಧಿಭೌತಿಕ. ಅದಕ್ಕೆ ಪ್ಲಂಬರನನ್ನು ತೋರಿಸುತ್ತಾನೆ. ಗೋಡೆಯಲ್ಲಿ ಒದ್ದೆ ಕಾಣುತ್ತಿದೆ ಎಂದು ಮನೆಯಾಕೆ ಹೇಳುತ್ತಾರೆ, ಶಿಲ್ಪಿಗೆ ಕಾಣುವುದಿಲ್ಲ, ಇದು ಆಧ್ಯಾತ್ಮಿಕ. ಮೂರನೆಯದಕ್ಕೆ ಔಷಧವಿಲ್ಲ.

ಸೋರಿಕೆಯ ಮೂಲಕಾರಣ ಕೆಳಗಿನ ಸಂವಾದದಲ್ಲಿದೆ. ಇಂಥದ್ದು ಯಾವ ಸೈಟಿನಲ್ಲಿ ನಿಂತರೂ ಕಿವಿಗೆ ಬೀಳುತ್ತದೆ.

"ಸಾರ್, ಈ ಕಿಟಕಿಗೆ ಸಜ್ಜಾ ಬಿಟ್‌ಹೋಗಿದೆ."

"ಬಿಟ್ಟಿಲ್ಲ ಮೇಸ್ತ್ರಿ, ಬೇಡ ಅಂತಾನೇ ತೆಗೆದಿದ್ದು. ಎಲಿವೇಶನ್ ಕೆಡುತ್ತೆ."

"ಎರಚಲು ಹೊಡೆದ್ರೆ?"

"ಕಿಟಕಿ ಹಾಕ್ಕೋತಾರೆ."

"ಸೆಕೆ ಆದ್ರೆ?"

"ತೆಕ್ಕೋತಾರೆ."

"ಎರಡೂ ಒಟ್ಟಿಗೆ ಬಂದ್ರೆ ಸಾರ್?"

ಈ ಕೊನೆಯ ಪ್ರಶ್ನೆಗೆ ವಾಸ್ತುಶಿಲ್ಪ ಸಿದ್ಧಾಂತದಲ್ಲಿ ಉತ್ತರವಿಲ್ಲ. ಕರಾವಳಿಯಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಎರಡೂ ಒಟ್ಟಿಗೇ ಬರುತ್ತವೆ. ಪ್ರಶ್ನೆ ಕೇಳಿದ ಮೇಸ್ತ್ರಿಯ ಹೆಸರು ಟಿಪ್ಪಣಿಯಲ್ಲಿ ಬರುವುದಿಲ್ಲ. ಭೂದೃಶ್ಯ ಸಲಹೆಗಾರ, ಬೆಳಕಿನ ಸಲಹೆಗಾರ, ಛಾಯಾಗ್ರಾಹಕ, ಕುಂಡ ಕೊಟ್ಟ ಅಂಗಡಿ ಇವರೆಲ್ಲರ ಹೆಸರು ಬರುತ್ತದೆ.

ಛಾಯಾಚಿತ್ರದ ವಿಧಿ: ಗೃಹಪ್ರವೇಶದ ಮುಂಚೆ, ಗೋಧೂಳಿ ಮುಹೂರ್ತದಲ್ಲಿ, ಎಲ್ಲ ದೀಪ ಹಚ್ಚಿ ತೆಗೆಯತಕ್ಕದ್ದು. ಚಪ್ಪಲಿ, ಗ್ಯಾಸ್ ಸಿಲಿಂಡರ್, ಕಪ್ಪು ನೀರಿನ ಟ್ಯಾಂಕು, ಒಣಹಾಕಿದ ಬಟ್ಟೆ ನಿಷಿದ್ಧ. ಮನುಷ್ಯರೂ ನಿಷಿದ್ಧ, ಅನಿವಾರ್ಯವಾದರೆ ಸೀರೆ ಉಟ್ಟ ಅಜ್ಜಿಯೊಬ್ಬರು ಮಸುಕಾಗಿ ನಡೆದು ಹೋಗಬಹುದು.

ಪೂರ್ವಪಕ್ಷ

ಎಲ್ಲ ಪ್ರಶಸ್ತಿಗಳೂ ಹೀಗಿಲ್ಲವಲ್ಲ ಎಂದು ಪೂರ್ವಪಕ್ಷಿ ಮತ್ತೆ ಏಳುತ್ತಾನೆ. ಮುಸ್ಲಿಮರು ಗಣನೀಯವಾಗಿರುವ ಸಮಾಜಗಳ ಕಟ್ಟಡಗಳಿಗೆಂದು 1977ರಲ್ಲಿ ಶುರುವಾದ, ಮೂರು ವರ್ಷಕ್ಕೊಮ್ಮೆ ಕೊಡುವ ಆಗಾ ಖಾನ್ ಪ್ರಶಸ್ತಿಯಲ್ಲಿ ಕಟ್ಟಡ ಕನಿಷ್ಠ ಒಂದು ವರ್ಷ ಬಳಕೆಯಾಗಿರಬೇಕು. ಪರಿಣತರು ಜಾಗಕ್ಕೇ ಹೋಗಿ ನೋಡುತ್ತಾರೆ. ಬಹುಮಾನದಲ್ಲಿ ಕಟ್ಟಿಸಿದವರಿಗೂ ಗಾರೆ ಕುಶಲಕರ್ಮಿಗಳಿಗೂ ಪಾಲು ಸಿಕ್ಕಿದ್ದುಂಟು. ಬಿ.ವಿ. ದೋಶಿಯವರ ಇಂದೋರಿನ ಅರಣ್ಯ ಬಡಾವಣೆಗೆ 1995ರಲ್ಲಿ ಅದು ಬಂತು. ಅಲ್ಲಿ ಬಡವರಿಗೆ ಕೊಟ್ಟದ್ದು ಅಡಿಪಾಯ, ಬಚ್ಚಲು, ಹೆಚ್ಚೆಂದರೆ ಒಂದು ಕೋಣೆ. ಮಿಕ್ಕಿದ್ದನ್ನು ಕೈಯಲ್ಲಿ ಕಾಸು ಆಡಿದಂತೆ ಅವರವರೇ ಬೆಳೆಸಿಕೊಂಡರು, ಇಷ್ಟ ಬಂದ ಬಣ್ಣ ಹೊಡೆದರು. ಅದೇ ದೋಶಿಯವರಿಗೆ 2018ರಲ್ಲಿ ಪ್ರಿಟ್ಸ್‌ಕರ್ ಪ್ರಶಸ್ತಿ ಬಂತು. ಬೆಂಗಳೂರಿನ ಬನ್ನೇರುಘಟ್ಟ ರಸ್ತೆಯ ಐಐಎಂ ಅವರದೇ: ಒರಟು ಕಲ್ಲಿನ ಗೋಡೆ, ಬಳ್ಳಿ ಹಬ್ಬಿದ ಉದ್ದುದ್ದ ಓಣಿಗಳು. ಅಲ್ಲಿ ನಡೆದರೆ ಬಿಸಿಲು ಯಾವ ಹೊತ್ತಿಗೆ ಎಲ್ಲಿಗೆ ಬರುತ್ತದೆಂದು ಯೋಚಿಸಿ ಕಟ್ಟಿದ್ದು ಯಾರಿಗಾದರೂ ತಿಳಿಯುತ್ತದೆ.

ಈ ಆಕ್ಷೇಪ ಪ್ರಬಲವಾದದ್ದು. ಪ್ರಬಲ ಆಕ್ಷೇಪವನ್ನು ಎದುರಿಸುವ ಶಾಸ್ತ್ರೀಯ ವಿಧಾನವೆಂದರೆ ಮುಂದಿನ ಪ್ರಕರಣಕ್ಕೆ ಹೋಗುವುದು.

ಸಿದ್ಧಾಂತ

ಪ್ರಾದೇಶಿಕ ವಾಸ್ತುಶಿಲ್ಪವೆಂದರೆ ಆ ಊರಿನ ಮಳೆ ಬಿಸಿಲಿಗೆ ಆ ಊರಿನವರೇ, ಕೈಗೆ ಸಿಕ್ಕ ಸಾಮಾನಿನಿಂದ, ಊರಿನ ಕಸುಬುದಾರರ ಕೈಯಲ್ಲಿ ಕಟ್ಟಿಸಿಕೊಂಡ ಉತ್ತರ. ಈ ಲಕ್ಷಣವನ್ನು ಎಲ್ಲ ಪಂಡಿತರೂ ಒಪ್ಪುತ್ತಾರೆ. ಹಾಗಿದ್ದರೆ ಇಂದು ಕರಾವಳಿ, ಮಲೆನಾಡುಗಳಲ್ಲಿ ಈ ಲಕ್ಷಣಕ್ಕೆ ಚಾಚೂ ತಪ್ಪದೆ ಹೊಂದುವ ವಸ್ತು ಯಾವುದು?

ತಾರಸಿಯ ಮೇಲಿನ ಶೀಟು.

ಸಾಗರದಿಂದ ಸುಳ್ಯದವರೆಗೆ ಬಸ್ಸಿನ ಕಿಟಕಿಯಿಂದ ನೋಡಿ. ಶಿಲ್ಪಿ ಚಪ್ಪಟೆ ತಾರಸಿ ಬರೆದುಕೊಟ್ಟ, ಕಾಂಕ್ರೀಟು ಹಾಕಿದರು, ಮಳೆ ಬಂತು, ಸೋರಿತು. ಮನೆಯವರು ಊರಿನ ವೆಲ್ಡಿಂಗ್ ಅಂಗಡಿಗೆ ಹೋದರು. ಅವನು ಟೇಪು ಹಿಡಿದು ಬಂದ, ನಕ್ಷೆ ಬರೆಯಲಿಲ್ಲ, ಟಿಪ್ಪಣಿ ಬರೆಯಲಿಲ್ಲ. ಕಬ್ಬಿಣದ ಪೈಪು ನಿಲ್ಲಿಸಿ, ಇಳಿಜಾರು ಕೊಟ್ಟು, ನೀಲಿಯೋ ಕೆಂಪೋ ತಗಡಿನ ಶೀಟು ಹೊದಿಸಿ, ಗೋಡೆಗಿಂತ ಎರಡು ಮೂರು ಅಡಿ ಮುಂದಕ್ಕೆ ಚಾಚಿ, ತುದಿಗೆ ದಂಬೆ ಕಟ್ಟಿ ಹೋದ. ಎಲಿವೇಶನ್ ಕೆಡುತ್ತದೆಂದು ಶಿಲ್ಪಿ ತೆಗೆದ ಸಜ್ಜಾ ಹೀಗೆ ಇಡೀ ಮನೆಗೆ ಒಟ್ಟಿಗೆ ಬಂತು.

ಈಗ ಅದರ ಕೆಳಗೆ ಬಟ್ಟೆ ಒಣಗುತ್ತದೆ, ಕೊಬ್ಬರಿ ಒಣಗುತ್ತದೆ. ಒಂದು ಭಾಗಕ್ಕೆ ಬೆಳಕು ಬೀಳುವ ಶೀಟು ಹಾಕಿಸಿದರೆ ಅಡಿಕೆಯೂ ಒಣಗುತ್ತದೆ. ನಾಮಕರಣದ ಊಟಕ್ಕೆ ಪಂಕ್ತಿ ಹಾಕುತ್ತಾರೆ, ಮಕ್ಕಳು ಮಳೆಯಲ್ಲೂ ಕ್ರಿಕೆಟ್ ಆಡುತ್ತಾರೆ, ತಾರಸಿಗೆ ನೇರ ಬಿಸಿಲು ಬೀಳದೆ ಕೆಳಗಿನ ಕೋಣೆಯ ಸೆಕೆ ತಗ್ಗುತ್ತದೆ. ಒಂದು ಮೂಲೆಯಲ್ಲಿ ಅಜ್ಜನ ಮನೆಯ ಹೆಂಚುಗಳನ್ನು ಜೋಡಿಸಿಟ್ಟಿರುತ್ತಾರೆ, ಮುಂದೆ ಬೇಕಾದೀತು ಎಂದು. ಜಗಲಿ, ಅಂಗಳ, ಅಟ್ಟ ಮೂರನ್ನೂ ನಕ್ಷೆಯಿಂದ ತೆಗೆದುಹಾಕಿದ್ದರು. ಮೂರೂ ಶೀಟಿನಡಿ ಮಹಡಿಯ ಮೇಲೆ ಮತ್ತೆ ಸೇರಿಕೊಂಡಿವೆ. ದೋಷವಿಲ್ಲವೆಂದಲ್ಲ: ಜೋರು ಮಳೆಯಲ್ಲಿ ಶಬ್ದಕ್ಕೆ ಫೋನಿನ ಮಾತು ಕೇಳುವುದಿಲ್ಲ, ಗಾಳಿಗೆ ಕಟ್ಟು ಸಡಿಲಾದರೆ ಪಕ್ಕದವರ ತೋಟಕ್ಕೆ ಹಾರುತ್ತದೆ, ನೋಡಲೂ ಅಂಥ ಚೆಲುವಿನದಲ್ಲ. ಆದರೆ ಮನೆ ಸೋರುವುದಿಲ್ಲ.

ಆದ್ದರಿಂದ ಈ ಪ್ರಬಂಧದ ನಿರ್ಣಯ: ಸದ್ಯದ ಪ್ರಾದೇಶಿಕ ವಾಸ್ತುಶಿಲ್ಪದ 'ಚಕ್ರವರ್ತಿ' ಬಿರುದು ಶೀಟಿಗೆ ಸಲ್ಲತಕ್ಕದ್ದು. ಪೆರ್ಜೆರೆಪು ಪಟ್ಟ ವೆಲ್ಡಿಂಗಿನವನಿಗೆ. ಶೀಟಿನ ಬಿಲ್ಲು ಮೊದಲು ತಾರಸಿ ಬರೆದವರಿಗೆ.

ತೀರ್ಪುಗಾರರಲ್ಲಿ ಒಂದು ಮನವಿ. ಫೋಟೊಗಳನ್ನು ಕಳಿಸಿದವರಿಗೇ ವಾಪಸು ಮಾಡಿ. ಗೃಹಪ್ರವೇಶವಾಗಿ ಎರಡು ವರ್ಷ ಕಳೆಯಲಿ, ಆಮೇಲೆ ಜುಲೈಯಲ್ಲಿ ಬನ್ನಿ, ಕೊಡೆ ತನ್ನಿ. ಮುಂಬಾಗಿಲಲ್ಲಿ ನಿಂತು ಹೋಗಬೇಡಿ. ಒದ್ದೆ ಬಟ್ಟೆ ಎಲ್ಲಿ ಹಾಕುತ್ತೀರಿ ಎಂದು ಮನೆಯವರನ್ನು ಕೇಳಿ, ಮೇಸ್ತ್ರಿಯ ಹೆಸರು ಕೇಳಿ ಬರೆದುಕೊಳ್ಳಿ. ಮನೆಯವರು ಬಕೆಟ್ ಎತ್ತಿಡದೆ ನಿಮಗೆ ಕುರ್ಚಿ ಹಾಕುವಂತಿದ್ದರೆ, ಪ್ರಶಸ್ತಿ ಕೊಟ್ಟುಬಿಡಿ.