ದಿಂಬಿನ ಕವರಿನ ವಂಶ

ಏನು ರಾಯರೇ, ಅಟ್ಟ ಖಾಲಿ ಮಾಡ್ತಾ ಇದ್ದೀರಾ? ಆ ವ್ಯಾಕ್ಯೂಮ್ ಕ್ಲೀನರನ್ನ ಗುಜರಿಗೆ ಹಾಕೋ ಮುಂಚೆ ಒಂದು ನಿಮಿಷ ಕಾಂಪೌಂಡ್ ಹತ್ತಿರ ಬನ್ನಿ. ಎಂಬತ್ತರ ದಶಕದ್ದು ಅಲ್ವಾ? 1982ರಲ್ಲಿ ಯುರೇಕಾ ಫೋರ್ಬ್ಸ್ ಕಂಪನಿ ಶುರುವಾದ ಮೇಲೆ ಅದರ ಹುಡುಗರು ಮನೆಮನೆಗೆ ಬಂದು, ಯಂತ್ರ ನಡೆಸಿ ತೋರಿಸಿ ಮಾರ್ತಿದ್ದರಲ್ಲ, ಆ ಕಾಲದ್ದು. ಇಂಥವು ಪೂರ್ತಿ ಕೆಡೋದು ಕಡಿಮೆ. ಯಾವುದೋ ಸಣ್ಣ ಭಾಗ ಸವೆದಿರುತ್ತೆ, ಅಂಗಡಿಯವರು ಈ ಮಾಡೆಲ್‌ಗೆ ಸ್ಪೇರ್ ಬರಲ್ಲ ಅಂತಾರೆ, ಯಂತ್ರ ಅಟ್ಟ ಸೇರುತ್ತೆ.

ಸ್ಪೇರ್ ಬರಲ್ಲ ಅನ್ನೋದು ನಿಜ. ಆದರೆ ಈ ಯಂತ್ರ ಹುಟ್ಟಿದ್ದೇ ಕೈಗೆ ಸಿಕ್ಕಿದ್ದನ್ನ ಜೋಡಿಸಿ. ಅಮೆರಿಕದ ಒಹಾಯೋದಲ್ಲಿ ಕ್ಯಾಂಟನ್ ಅಂತ ಊರು. ಅಲ್ಲಿ ಜೇಮ್ಸ್ ಮರ್ರೆ ಸ್ಪ್ಯಾಂಗ್ಲರ್ ಅನ್ನೋರು ದೊಡ್ಡದೊಂದು ಅಂಗಡಿಯಲ್ಲಿ ಕಸ ಗುಡಿಸೋ ಕೆಲಸದಲ್ಲಿದ್ದರು. ಮೊದಲೇ ಉಬ್ಬಸದ ಮೈ, ಮೇಲೆ ಕಾರ್ಪೆಟ್ಟಿನ ಧೂಳು. ಫ್ಯಾನಿನ ಮೋಟಾರು, ಸೋಪಿನ ಪೆಟ್ಟಿಗೆ, ಪೊರಕೆಯ ಕೋಲು, ಧೂಳು ಹಿಡಿಯೋಕೆ ದಿಂಬಿನ ಕವರು, ಇಷ್ಟರಲ್ಲೇ ತಮ್ಮ ಕಷ್ಟಕ್ಕೆ ದಾರಿ ಮಾಡಿಕೊಂಡರು. 1908ರಲ್ಲಿ ಪೇಟೆಂಟ್ ಬಂತು. ಅದನ್ನ ಕೊಂಡ ಹೂವರ್ ಅವರ ಹೆಸರು ಲೋಕಕ್ಕೆಲ್ಲ ಹಬ್ಬಿತು. ದಿಂಬಿನ ಕವರಿನ ವಂಶದ ಯಂತ್ರಕ್ಕೆ ಸೈಕಲ್ ಟ್ಯೂಬ್ ಹಾಕಿದರೆ ತಪ್ಪೇನೂ ಇಲ್ಲ. ಹೋದ ಭಾಗ ಏನು ಕೆಲಸ ಮಾಡ್ತಿತ್ತು ಅಂತ ಮಾತ್ರ ಮೊದಲು ತಿಳ್ಕೊಂಡಿರಬೇಕು.

ಕಾರ್ಬನ್ ಬ್ರಷ್ಷನ್ನೇ ನೋಡಿ. ಮೋಟಾರಿನೊಳಗೆ ತಿರುಗೋ ಆರ್ಮೇಚರ್‌ಗೆ ಕರೆಂಟ್ ಮುಟ್ಟಿಸೋದು ಆ ಪುಟ್ಟ ಕಪ್ಪು ತುಂಡು. ಅದು ಸವೆದು ಗಿಡ್ಡವಾದರೆ ಕಿಡಿ ಹಾರುತ್ತೆ, ಆಮೇಲೆ ಮೋಟಾರು ನಿಂತೇ ಹೋಗುತ್ತೆ. ಸುಟ್ಟುಹೋಗಿದೆ ಅಂದುಕೊಂಡು ಜನ ಕೈಬಿಡೋದು ಇಲ್ಲೇ. ನಮ್ಮ ಮಿಕ್ಸಿಯಲ್ಲಿ ಇರೋದೂ ಇದೇ ಜಾತಿಯ ಮೋಟಾರು. ಮಿಕ್ಸಿ ರಿಪೇರಿಯವರ ಹತ್ತಿರ ಹಳೇದಕ್ಕಿಂತ ತುಸು ದಪ್ಪನೆಯ ಬ್ರಷ್ ತನ್ನಿ. ಗಾಜಿನ ಮೇಲೆ ಉಪ್ಪುಕಾಗದ ಹಾಸಿ ನಾಲ್ಕೂ ಮೈ ಸಮನಾಗಿ ಉಜ್ಜಿ. ಬ್ರಷ್ ಕೂರೋ ಗೂಡಿನಲ್ಲಿ ಬಿಟ್ಟರೆ ಸರಾಗವಾಗಿ ಜಾರಬೇಕು, ಅಲ್ಲಾಡಬಾರದು. ಆಮೇಲೆ ಬ್ರಷ್ ತಾಗೋ ಕಮ್ಯುಟೇಟರ್ ಸುತ್ತ ಉಪ್ಪುಕಾಗದವನ್ನ ಒರಟು ಮೈ ಹೊರಗೆ ಬರೋ ಹಾಗೆ ಸುತ್ತಿ, ಕೈಯಲ್ಲೇ ತಿರುಗಿಸಿ. ಬ್ರಷ್ಷಿನ ತುದಿ ಕಮ್ಯುಟೇಟರಿನ ದುಂಡಿಗೆ ಸರಿಯಾಗಿ ಕೂರುತ್ತೆ. ಕಪ್ಪು ಪುಡಿಯನ್ನೆಲ್ಲ ಒರೆಸಿ ತೆಗೀರಿ.

ಎಳೆಯೋ ಶಕ್ತಿ ಕಮ್ಮಿ ಅನ್ನಿಸಿದರೆ ಮುಚ್ಚಳದ ಸುತ್ತ ಇರೋ ರಬ್ಬರು ನೋಡಿ. ವರ್ಷ ಕಳೆದ ಹಾಗೆ ಅದು ಗಟ್ಟಿಯಾಗಿ ಬಿರುಕು ಬಿಡುತ್ತೆ, ಅಲ್ಲಿಂದ ಗಾಳಿ ಸೋರುತ್ತೆ. ಸೈಕಲ್ ಟ್ಯೂಬನ್ನ ಪಟ್ಟಿಯಾಗಿ ಕತ್ತರಿಸಿ, ಎರಡೂ ತುದಿ ಓರೆಯಾಗಿ ಕೊಯ್ದು, ಪಂಚರ್ ಸಲ್ಯೂಷನ್ ಹಚ್ಚಿ ಅಂಟಿಸಿ. ಯಂತ್ರ ಓಡುವಾಗ ಪೈಪಿನ ಬಾಯಿಗೆ ಅಂಗೈ ಒತ್ತಿ. ಮೋಟಾರಿನ ದನಿ ಏರಿದರೆ ಸೋರಿಕೆ ನಿಂತಿದೆ ಅಂತ. ಏರದಿದ್ದರೆ ಇನ್ನೊಂದು ಕಡೆ ಹುಡುಕಬೇಕು.

ಚೀಲ ಹರಿದಿದ್ದರೆ ಒತ್ತು ನೇಯ್ಗೆಯ ಹತ್ತಿ ಬಟ್ಟೆ ಹೊಲಿಸಿ. ತೀರ ತೆಳು ಬಟ್ಟೆಯಾದರೆ ಧೂಳು ಮೋಟಾರಿಗೆ ಹೋಗುತ್ತೆ. ಹಾಗಂತ ಗಾಳಿಯಾಡದ ಬಟ್ಟೆ ಹಾಕಿದರೆ ಮೋಟಾರು ಕಾಯುತ್ತೆ, ಇಂಥ ಎಷ್ಟೋ ಯಂತ್ರಗಳಲ್ಲಿ ಮೋಟಾರು ತಣ್ಣಗಿರೋದು ಅದೇ ಗಾಳಿಯಿಂದ.

ವೈರಿನ ವಿಷಯದಲ್ಲಿ ಮಾತ್ರ ಹೊಂದಾಣಿಕೆ ಬೇಡ. ಹಳೇ ರಬ್ಬರ್ ವೈರು ಬಗ್ಗಿಸಿದರೆ ಉದುರುತ್ತೆ, ಟೇಪ್ ಸುತ್ತಿ ನಂಬಬೇಡಿ, ಹೊಸದೇ ಹಾಕಿಸಿ. ಮೈ ಲೋಹದ್ದಾದರೆ ಅರ್ತಿಂಗ್ ಇದೆಯಾ ಅಂತ ಬಲ್ಲವರ ಹತ್ತಿರ ನೋಡಿಸಿ. ಒಳಗಿನ ಫ್ಯಾನು ಮುರಿದಿದ್ದರೆ ಎಂಸೀಲ್ ಮೆತ್ತಬೇಡಿ. ಅದು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗೋದು, ಒಂದು ಕಡೆ ಭಾರವಾದರೂ ಬೇರಿಂಗ್ ಹಾಳು. ಅಮೆರಿಕದಿಂದ ಬಂದ 120 ವೋಲ್ಟಿನದ್ದಾದರೆ ನಮ್ಮ 230ಕ್ಕೆ ನೇರವಾಗಿ ಸಿಕ್ಕಿಸಲೇಬೇಡಿ, ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು.

ಬಿಚ್ಚಿ ತೆಗೆದ ಹಳೇ ಭಾಗವನ್ನೂ ಎಸೀಬೇಡಿ ರಾಯರೇ. ಸವೆದ ಬ್ರಷ್ಷೋ ಬಿರುಕು ಬಿಟ್ಟ ರಬ್ಬರೋ, ಒಂದು ಕವರಿನಲ್ಲಿ ಹಾಕಿ, ಬದಲಿಗೆ ಏನು ಹಾಕಿದಿರಿ ಅಂತ ಚೀಟಿ ಬರೆದಿಡಿ. ನಾವು ಹಾಕಿದ್ದೂ ಒಂದು ದಿನ ಸವೆಯುತ್ತೆ. ಆಗ ಯಂತ್ರ ಬಿಚ್ಚೋರಿಗೆ ಮೂಲದ ಅಳತೆ ಸಿಗೋದು ಆ ಕವರಿನಲ್ಲೇ.