ಅತಿಸರಳಪ್ರಶ್ನಾನಿಗ್ರಹ ಮೀಮಾಂಸೆ (ತಾಂಡ್ಯ ಪಾಠ)

ಈ ಶಾಸ್ತ್ರ ಹುಟ್ಟಿದ್ದು ಒಂದು ಬಸ್ಸಿನಲ್ಲಿ. ತಾಂಡ್ಯದ ಕೈಗಾರಿಕಾ ಪ್ರದೇಶದಲ್ಲಿ ಪರಿಚಿತರೊಬ್ಬರನ್ನು ಕಂಡು ಹೊರಗೆ ಬಂದಾಗ ‘ನಂಜನಗೂಡು’ ಎಂದು ಬೋರ್ಡು ಹಾಕಿಕೊಂಡ ಬಸ್ಸು ನಿಂತಿತ್ತು. ಹತ್ತಿದೆ, ಕಿಟಕಿ ಪಕ್ಕ ಕೂತೆ. ಯಾರನ್ನೂ ಏನನ್ನೂ ಕೇಳಲಿಲ್ಲ. ಅಕ್ಷರ ಬಲ್ಲವನು ಬರೆದದ್ದನ್ನು ಮತ್ತೆ ಕೇಳಬಾರದೆಂಬುದು ನಮ್ಮ ಮನೆತನದ ಮರ್ಯಾದೆ. ನನ್ನ ಹಿಂದೆಯೇ ಹತ್ತಿದ ಅಜ್ಜಿಯೊಬ್ಬರು, ಆ ಬೋರ್ಡಿನ ಮುಂದೆಯೇ ನಡೆದು ಬಂದವರು, “ನಂಜನಗೂಡ್ಗೆ ಓಯ್ತದಾ ಕಂದಾ?” ಎಂದು ಕೇಳಿದರು. ನಾನು ಒಳಗೊಳಗೇ ನಕ್ಕೆ. ಕಂಡಕ್ಟರ್ “ಇಲ್ಲ ಕನವ್ವ, ಮೈಸೂರ್ಗೆ. ಬೋರ್ಡ್ ತಿರುಗ್ಸಿಲ್ಲ” ಎಂದ. ಅಜ್ಜಿ ಇಳಿದರು. ನಾನು ಇಳಿಯಲಿಲ್ಲ, ಇಳಿದಿದ್ದರೆ ನನಗೂ ಗೊತ್ತಿರಲಿಲ್ಲವೆಂಬುದು ಇಡೀ ಬಸ್ಸಿಗೆ ಗೊತ್ತಾಗುತ್ತಿತ್ತು. ಮೈಸೂರಿಗೆ ಟಿಕೆಟ್ ತೆಗೆದುಕೊಂಡು, ಅಲ್ಲಿ ಬೇಡದ ಕಾಫಿಯೊಂದನ್ನು ಕುಡಿದು, ಬೇರೆ ಬಸ್ಸು ಹಿಡಿದು ನಂಜನಗೂಡಿಗೆ ಬಂದೆ. ಆ ಸುತ್ತುಪ್ರಯಾಣದಲ್ಲಿ ರಚಿತವಾದ ಗ್ರಂಥದ ಸಂಗ್ರಹವೇ ಈ ಪ್ರಬಂಧ. ಆದ್ದರಿಂದ ಗ್ರಂಥಕರ್ತ ನಿಷ್ಪಕ್ಷಪಾತಿ ಎಂದು ವಿದ್ವಾಂಸರು ಭಾವಿಸತಕ್ಕದ್ದಲ್ಲ.

ಶಾಸ್ತ್ರವೆಂದ ಮೇಲೆ ಲಕ್ಷಣ ಬೇಕು. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ನಡೆಸಿದ ಸೂತ್ರ, ವೃತ್ತಿ, ಪ್ರಯೋಗದ ಕ್ರಮವನ್ನೇ ಇಲ್ಲೂ ಹಿಡಿದಿದ್ದೇನೆ.

ಸೂತ್ರಂ: ಕಣ್ಗೆ ತೋರ್ಪುದಂ ಬಾಯಿಂ ಕೇಳ್ವುದತಿಸರಳಪ್ರಶ್ನಂ.

ವೃತ್ತಿ: ಕಣ್ಣಿಗೆ ಕಾಣುತ್ತಿರುವುದನ್ನು ಬಾಯಿಬಿಟ್ಟು ಕೇಳಿದರೆ ಅದು ಅತಿಸರಳಪ್ರಶ್ನೆ ಎನಿಸುವುದು.

ಪ್ರಯೋಗಂ: ಒದ್ದೆ ತಲೆಯಲ್ಲಿ ಕಪಿಲೆಯ ಮೆಟ್ಟಿಲು ಹತ್ತಿ ಬರುವವನಿಗೆ, “ಸ್ನಾನ ಆಯ್ತಾ?” ನುಣ್ಣನೆಯ ತಲೆಗೆ ಗಂಧ ಬಳಿದುಕೊಂಡವನಿಗೆ, “ಮುಡಿ ಕೊಟ್ರಾ?” ಹಗ್ಗ ಹಿಡಿದು ಬೆವರುತ್ತಿರುವವನಿಗೆ, “ತೇರ್ ಎಳೀತಿದ್ದೀರಾ?”

ಈ ಮೂರಕ್ಕೂ ನಂಜನಗೂಡಿನಲ್ಲಿ ಯಾರೂ ಸಿಟ್ಟಾಗುವುದಿಲ್ಲ. ಐದು ತೇರುಗಳ ದೊಡ್ಡ ಜಾತ್ರೆಯಲ್ಲಿ ಮೂರನೆಯ ಪ್ರಶ್ನೆ ಕೇಳಿದವನಿಗೆ “ಊಂ ಕನಣ್ಣ, ಬನ್ನಿ, ನೀವೂ ಒಂದ್ ಕೈ ಹಾಕಿ” ಎನ್ನುತ್ತಾರೆ. ಕೇಳಿದವನ ಕೈಗೇ ಹಗ್ಗ ಬರುತ್ತದೆ. ಅತಿಸರಳಪ್ರಶ್ನೆಗೆ ವಿಧಿಸಬಹುದಾದ ದಂಡಗಳಲ್ಲಿ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ಅಧ್ಯಯನಕ್ಕೆ ತಾಂಡ್ಯವೇ ಏಕೆ ಎಂದು ಪರೀಕ್ಷಕರು ಕೇಳಬಹುದು. ಆ ಊರಿನ ಹೆಸರೇ ಪ್ರಶ್ನೆಗಳನ್ನು ಹೆರುತ್ತದೆ. ಫೋನಿನಲ್ಲಿ “ತಾಂಡ್ಯದಲ್ಲಿದ್ದೀನಿ” ಎಂದು ನೋಡಿ. “ಮಂಡ್ಯದಲ್ಲಾ?” “ಮಂಡ್ಯ ಅಲ್ಲ, ತಾಂಡ್ಯ.” “ಓ, ತಾಂಡವಪುರನಾ?” “ಅದು ಬೇರೆ.” “ಹಂಗಾದ್ರೆ ಯಾವ್ದಾದ್ರೂ ತಾಂಡಾನಾ?” ಈ ಸಂಭಾಷಣೆ ಮುಗಿಯುವಷ್ಟರಲ್ಲಿ ತಾಂಡ್ಯ ದಾಟಿರುತ್ತದೆ. ಇನ್ನು ಪ್ರಶ್ನೆಗಳ ಸಂಖ್ಯೆಯನ್ನು ದಾಖಲಿಸೋಣವೆಂದು ಒಂದು ಬೆಳಗ್ಗೆ ಟೀ ಅಂಗಡಿಯ ಬೆಂಚಿನ ಮೇಲೆ ನೋಟುಪುಸ್ತಕ ಹಿಡಿದು ಕೂತೆ. ಶಿಫ್ಟು ಬಿಟ್ಟ ಹುಡುಗರು, ಹಾಲಿನ ಕ್ಯಾನಿನವರು, ದಾರಿ ಕೇಳುವ ಲಾರಿಯವರು ಎಲ್ಲರೂ ಬಂದರು. ಬಂದವರೆಲ್ಲ ನನ್ನನ್ನೇ “ಅದೇನ್ ಬರ್ಕೊತಾ ಕೂತಿದ್ದೀರಿ ಸಾ?” ಎಂದು ಕೇಳಿದರು. ಉತ್ತರ ಹೇಳುವುದರಲ್ಲಿ ಎಣಿಕೆ ತಪ್ಪಿತು. ಹೀಗಾಗಿ ಈ ಪ್ರಬಂಧದಲ್ಲಿ ಅಂಕಿಅಂಶಗಳಿಲ್ಲ.

ಈಗ ಪೂರ್ವಪಕ್ಷ. ಪ್ರಶ್ನೆಗಳನ್ನು ನಿಗ್ರಹಿಸಬೇಕೆನ್ನುವವರು ಸಾಮಾನ್ಯರಲ್ಲ. ಅವರ ಆದಿಪುರುಷ ಪ್ರಶ್ನೋಪನಿಷತ್ತಿನ ಪಿಪ್ಪಲಾದ ಮಹರ್ಷಿ. ಆರು ಮಂದಿ ಸಮಿತ್ತು ಹಿಡಿದು ಪ್ರಶ್ನೆ ಕೇಳಲು ಬಂದರೆ ಋಷಿ ಹೇಳಿದ್ದು: ಮೊದಲು ಒಂದು ವರ್ಷ ತಪಸ್ಸು, ಬ್ರಹ್ಮಚರ್ಯ, ಶ್ರದ್ಧೆಯಿಂದ ಇಲ್ಲಿ ಇರಿ, ಆಮೇಲೆ ಕೇಳಿ, ಗೊತ್ತಿದ್ದರೆ ಹೇಳುತ್ತೇನೆ. ಆ ಷರತ್ತಿನ ಕೊನೆಯ ಎರಡು ಮಾತುಗಳನ್ನು ನಮ್ಮ ಕಾಲದ ನಿಗ್ರಹಿಗಳು ಮರೆತಿದ್ದಾರೆ, ಇರಲಿ. ವರ್ಷ ಕಳೆಯಿತು. ಕಾತ್ಯಾಯನ ಕಬಂಧಿ ಮೊದಲು ಎದ್ದ. ಒಂದು ವರ್ಷ ಸೋಸಿ ಉಳಿದ ಆ ಪ್ರಶ್ನೆ ಯಾವುದು? ಈ ಪ್ರಾಣಿಗಳೆಲ್ಲ ಎಲ್ಲಿಂದ ಹುಟ್ಟುತ್ತವೆ? ನಮ್ಮ ಮನೆಯ ನಾಲ್ಕು ವರ್ಷದ ಕೂಸು ಬೆಕ್ಕಿನ ಮರಿ ನೋಡಿ ಕೇಳಿದ್ದೂ ಅದನ್ನೇ. ಕೂಸಿಗೆ “ಸುಮ್ನಿರು” ಎಂದಿದ್ದೆವು. ಕಬಂಧಿಗೆ ಉಪನಿಷತ್ತು ಸಿಕ್ಕಿತು.

ಯಾಜ್ಞವಲ್ಕ್ಯರ ಪದ್ಧತಿ ಇನ್ನೂ ಚುರುಕು. ಜನಕನ ಸಭೆಯಲ್ಲಿ ಗಾರ್ಗಿ ‘ಇದು ಯಾವುದರ ಮೇಲೆ ನಿಂತಿದೆ, ಹಾಗಾದರೆ ಅದು ಯಾವುದರ ಮೇಲೆ’ ಎಂದು ಕೇಳುತ್ತಲೇ ಹೋದಾಗ, ಅತಿಯಾಗಿ ಕೇಳಬೇಡ, ತಲೆ ಉದುರೀತು ಎಂದರು. ಗಾರ್ಗಿ ಸುಮ್ಮನಾದಳು. ಆಮೇಲೆ ಅದೇ ಸಭೆಯಲ್ಲಿ ಮತ್ತೆ ಎದ್ದು ಇನ್ನೆರಡು ಕೇಳಿದಳು. ತಲೆ ಉದುರಲಿಲ್ಲ, ಉತ್ತರವೇ ಬಂತು. ನ್ಯಾಯಶಾಸ್ತ್ರದ ಗೌತಮನಂತೂ ವಾದದಲ್ಲಿ ಸೋಲುವ ನಿಗ್ರಹಸ್ಥಾನಗಳನ್ನೇ 22 ಎಂದು ಎಣಿಸಿಟ್ಟ. ಒಮ್ಮೆ ಹೇಳಿದ್ದನ್ನು ಮತ್ತೆ ಹೇಳುವ ‘ಪುನರುಕ್ತ’ ಅದರಲ್ಲೊಂದು. ನಂಜನಗೂಡಿನ ದೊಡ್ಡ ತೇರಿಗೆ ಹೆಸರು ಕೊಟ್ಟ ಗೌತಮನೂ ಈ ಗೌತಮನೂ ಒಬ್ಬನೇ ಏನು ಎಂದು ಮಾತ್ರ ಕೇಳಬೇಡಿ. ಅದು ಅತಿಸರಳವಲ್ಲ.

ಸರ್ಕಾರವೂ ಈ ಪಕ್ಷದ್ದೇ. 2005ರ ಮಾಹಿತಿ ಹಕ್ಕು ಕಾಯ್ದೆ ಏಕೆ ಕೇಳುತ್ತಿದ್ದೀಯೆಂದು ಅರ್ಜಿದಾರನನ್ನು ಕೇಳುವಂತಿಲ್ಲ ಎಂದಿತು. ಆದರೆ ಕರ್ನಾಟಕದ ನಿಯಮಗಳು ಅದಕ್ಕೊಂದು ಕಡಿವಾಣ ಹಾಕಿದವು: ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು, ಶುಲ್ಕ 10 ರೂಪಾಯಿ. ತಾಂಡ್ಯದ ಅಜ್ಜಿ ಈ ನಿಯಮವನ್ನು ಅಕ್ಷರಶಃ ಪಾಲಿಸಿದರು. ಒಂದೇ ವಿಷಯ, ಮೂರೇ ಪದ. ಉತ್ತರಕ್ಕೆ 30 ದಿನ ಕಾಯಬೇಕಾಗಲಿಲ್ಲ, ಹತ್ತು ರೂಪಾಯಿಯೂ ಉಳಿಯಿತು. ನಿಯಮ ಬಲ್ಲ ನಾನು ಮೈಸೂರಿಗೆ ಹೋದೆ.

ಪೂರ್ವಪಕ್ಷದ ಸಂಕಟವನ್ನೂ ಹೇಳದಿದ್ದರೆ ಅನ್ಯಾಯ. ಬಸ್ ನಿಲ್ದಾಣದ ವಿಚಾರಣೆ ಕಿಟಕಿಯೊಳಗೆ ಕೂತವರನ್ನು ನೆನೆಯಿರಿ. ಹುಲ್ಲಹಳ್ಳಿ ಮೇಲೆ ಎಚ್.ಡಿ. ಕೋಟೆಗೆ ಹೋಗುವ ಸಂಜೆಯ ಗಾಡಿ ತಪ್ಪಿದರೆ ಎಲ್ಲಿ ಇಳಿದು ಯಾವುದನ್ನು ಹಿಡಿಯಬೇಕೆಂಬ ಅಪೂರ್ವ ಜ್ಞಾನ ಅವರ ತಲೆಯಲ್ಲಿದೆ. ಅದನ್ನು ಯಾರಾದರೂ ಕೇಳಲೆಂದು ಇಡೀ ಸರ್ವೀಸು ಕಾದಿದ್ದಾರೆ. ಬಂದವರೆಲ್ಲ ಕೇಳುವುದು “ಮೈಸೂರ್ ಬಸ್ ಎಲ್ಲಿ ನಿಲ್ತದೆ?” ಎಂದು. ಅದು ಅವರ ಕಿಟಕಿಯ ಎದುರಿಗೇ ನಿಂತು ಹೊಗೆ ಬಿಡುತ್ತಿರುತ್ತದೆ. ಇಂಥವರು ಒಮ್ಮೊಮ್ಮೆ “ಕಣ್ ಕಾಣಲ್ವಾ?” ಎಂದರೆ ಅದನ್ನು ದುರಹಂಕಾರ ಎನ್ನಲಾಗದು, ಅದು ವಿದ್ವತ್ತಿನ ಅಳು.

ಆದರೂ ಸಿದ್ಧಾಂತ ಬೇರೆ. ಅತಿಸರಳವೆಂದು ತೀರ್ಮಾನಿಸುವ ಮುನ್ನ ತೂಗಬೇಕು. ತೂಕದ ಮಾನ ನಮ್ಮ ಸೀಮೆಯಲ್ಲೇ ಇದೆ. ತಿರುಮಕೂಡಲು ನರಸೀಪುರದ ಗುಂಜಾ ನರಸಿಂಹಸ್ವಾಮಿಯ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಎಂಬ ನಂಬಿಕೆ ಉಂಟು. ಗುಲಗಂಜಿ ಎಂದರೆ ಸುಮಾರು 0.12 ಗ್ರಾಂ. ಕಾಶಿಯನ್ನೇ ಅಷ್ಟು ಸೂಕ್ಷ್ಮವಾಗಿ ತೂಗಿದ ಊರಿನವರಿಗೆ ಒಂದು ಪ್ರಶ್ನೆಯನ್ನು ತೂಗುವುದು ಕಷ್ಟವೇ? ಅದೇ ಊರಿನ ಸಂಗಮಕ್ಕೆ ಹೋಗಿ. 1989ರಿಂದ ಮೂರು ವರ್ಷಕ್ಕೊಮ್ಮೆ ಕುಂಭಮೇಳ ನಡೆಯುವ ಜಾಗ. ಕಾವೇರಿ ಕಾಣುತ್ತದೆ, ಕಪಿಲೆ ಕಾಣುತ್ತದೆ. “ತ್ರಿವೇಣಿ ಅಂತೀರಲ್ಲ, ಮೂರನೇದು ಎಲ್ಲಿ?” ಎಂದು ಯಾವನೋ ಹುಡುಗ ಕೇಳಿಯೇ ಕೇಳುತ್ತಾನೆ. ಎಣಿಸಲು ಬರುವವರೆಲ್ಲ ಕೇಳಬೇಕಾದ ಪ್ರಶ್ನೆ; ಉತ್ತರ ಮಾತ್ರ ಗುಪ್ತಗಾಮಿನಿ. ಸ್ಫಟಿಕ ಸರೋವರವೆಂಬ ಹೆಸರಿನ ಹೊರತು ನೀರು ಯಾರಿಗೂ ಕಂಡಿಲ್ಲ.

ನಂಜನಗೂಡಿನ ಹಣ್ಣಿನ ಗಾಡಿಯ ಮುಂದೆ ನಿಂತು “ಇದು ರಸಬಾಳೆನಾ?” ಎಂದು ಕೇಳುವುದೂ ಹಾಗೆಯೇ. ರಟ್ಟಿನ ಮೇಲೆ ‘ರಸಬಾಳೆ’ ಎಂದು ಬರೆದೇ ಇರುತ್ತದೆ. ಆದರೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಆ ಹಣ್ಣನ್ನು ಪನಾಮಾ ಸೊರಗು ರೋಗ ತೋಟತೋಟವೇ ತಿಂದುಹಾಕಿದ ಮೇಲೆ, ರಟ್ಟಿನ ಮೇಲಿರುವುದೆಲ್ಲ ಗೊನೆಯಲ್ಲಿ ಇರುವುದಿಲ್ಲ. ಕೇಳಬೇಕು, ಕೇಳುವಾಗ ಮಾರುವವನ ಬಾಯಿಗಿಂತ ಕಣ್ಣು ನೋಡಬೇಕು. ಗೊಬ್ಬರ ಮಾರುವ ಸೊಸೈಟಿಯ ಬಾಗಿಲಲ್ಲಿ ‘ಯೂರಿಯಾ ದಾಸ್ತಾನು ಇಲ್ಲ’ ಎಂದು ಚೀಟಿ ಅಂಟಿಸಿದ್ದರೂ ಬಂದವರೆಲ್ಲ ಒಳಗೆ ತಲೆ ಹಾಕಿ “ಗೊಬ್ಬರ ಬಂತಾ ಸಾ?” ಎನ್ನುತ್ತಾರೆ. ಚೀಟಿಗೆ ಬೆಳಗಿನ ಸಂಗತಿ ಗೊತ್ತು. ಸಂಜೆಯ ಲಾರಿ ಗೊತ್ತಿರುವುದು ಮನುಷ್ಯನಿಗೆ. ಬೋರ್ಡು ತಿರುಗಿಸುವುದು ಮರೆತುಹೋಗುತ್ತದೆ ಎಂಬ ಒಂದೇ ಪ್ರಮೇಯದ ಮೇಲೆ ನನ್ನ ಸಿದ್ಧಾಂತವೆಲ್ಲ ನಿಂತಿದೆ.

ಈಗ ಮುಖ್ಯ ಘಟ್ಟ. ನಿಗ್ರಹಿಗಳ ಬ್ರಹ್ಮಾಸ್ತ್ರ ಒಂದು ಗಾದೆ: ರಾತ್ರಿಯೆಲ್ಲ ರಾಮಾಯಣ ಕೇಳಿ ಬೆಳಗ್ಗೆ ಎದ್ದು ರಾಮನಿಗೂ ಸೀತೆಗೂ ಏನು ಸಂಬಂಧ ಅಂದನಂತೆ. ನನ್ನನ್ನೂ ಇದರಿಂದ ಹೊಡೆದಿದ್ದಾರೆ. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದರೆ ಎಷ್ಟು ಎಂದು ಏಳನೇ ಕ್ಲಾಸಿನಲ್ಲಿ ಕೇಳಿದಾಗ ಮೇಷ್ಟ್ರು ಇದೇ ಗಾದೆ ಹೇಳಿ ಬೆಂಚಿನ ಮೇಲೆ ನಿಲ್ಲಿಸಿದರು, ಉತ್ತರ ಹೇಳಲಿಲ್ಲ. ಅಂದಿನಿಂದ ಆ ಗಾದೆಯ ಅನಾಮಧೇಯ ಪ್ರಶ್ನಿಗನ ಮೇಲೆ ನನಗೆ ಅಕ್ಕರೆ. ಅವನ ಪರವಾಗಿ ದಾಖಲೆಗಳನ್ನು ಮಂಡಿಸುತ್ತೇನೆ.

ದಶರಥ ಜಾತಕವೆಂಬ ಬೌದ್ಧ ಕಥೆಯಲ್ಲಿ ಸೀತೆ ರಾಮನ ತಂಗಿ. ಜೈನ ಆಚಾರ್ಯ ಗುಣಭದ್ರರ ಉತ್ತರಪುರಾಣದಲ್ಲಿ ಆಕೆ ರಾವಣ ಮಂಡೋದರಿಯರ ಮಗಳು. ಇನ್ನು ನಮ್ಮ ಕನ್ನಡದ ಜನಪದರು ಹಾಡುವ ಕಥೆಯೊಂದರಲ್ಲಿ ರಾವಳನೇ, ಅಂದರೆ ರಾವಣನೇ, ಬಸಿರಾಗುತ್ತಾನೆ, ಸೀನುತ್ತಾನೆ, ಸೀತದ್ದರಿಂದ ಸೀತೆ ಹುಟ್ಟುತ್ತಾಳೆ. ವಾಲ್ಮೀಕಿಯಲ್ಲಿ ನೇಗಿಲ ಸಾಲಿನಿಂದ ಬಂದ ಹೆಸರನ್ನು ಕನ್ನಡ ಮೂಗಿನಿಂದ ತೆಗೆಯಿತು. ಮೈಸೂರಿನಲ್ಲಿ 1929ರಲ್ಲಿ ಹುಟ್ಟಿದ ಎ.ಕೆ. ರಾಮಾನುಜನ್ ಈ ಕಥೆಯನ್ನೂ ಸೇರಿಸಿ ಮುನ್ನೂರು ರಾಮಾಯಣಗಳ ಬಗ್ಗೆ 1987ರಲ್ಲಿ ಪ್ರಬಂಧ ಬರೆದರು. 2011ರಲ್ಲಿ ದೆಹಲಿ ವಿಶ್ವವಿದ್ಯಾಲಯ ಅದನ್ನು ಬಿ.ಎ. ಇತಿಹಾಸದ ಪಠ್ಯದಿಂದ ತೆಗೆದುಹಾಕಿತು. ಹಾಗಾದರೆ ಗಾದೆಯ ಆ ಬಡಪಾಯಿ ರಾತ್ರಿಯಿಡೀ ಯಾವ ರಾಮಾಯಣ ಕೇಳಿದ್ದ? ತಂಬೂರಿಯವರು ಹಾಡುವ ಆ ಜನಪದ ಕಥೆ ಕೇಳಿ ಎದ್ದವನಾದರೆ ಅವನು ಕೇಳಿದ್ದು ಅತ್ಯಂತ ಸಮಂಜಸ ಪ್ರಶ್ನೆ. ಉಳಿದವರು ನಿದ್ದೆ ಮಾಡಿದ್ದರು, ಅದಕ್ಕೇ ನಕ್ಕರು. ಪ್ರಶ್ನೆ ಸರಳವೆಂದು ನಕ್ಕರೋ ಉತ್ತರ ಸರಳವಲ್ಲವೆಂಬ ಭಯಕ್ಕೆ ನಕ್ಕರೋ ಎಂಬುದನ್ನು ಮುಂದಿನ ಸಂಶೋಧಕರಿಗೆ ಬಿಟ್ಟಿದ್ದೇನೆ. ಪಠ್ಯ ತೆಗೆದವರಿಗೆ ಅದು ಗೊತ್ತಿತ್ತೆಂದು ನನ್ನ ಗುಮಾನಿ.

ಹೊರದೇಶದ ಉದಾಹರಣೆ ಬೇಕೆನ್ನುವವರಿಗೆ ಒಂದೇ ಸಾಕು. ಧೈರ್ಯ ಎಂದರೇನು, ನ್ಯಾಯ ಎಂದರೇನು ಎಂದು ಪೇಟೆಬೀದಿಯಲ್ಲಿ ದೊಡ್ಡವರನ್ನೆಲ್ಲ ತಡೆದು ಕೇಳುತ್ತಿದ್ದ ಸಾಕ್ರಟೀಸನನ್ನು ಕ್ರಿ.ಪೂ. 399ರಲ್ಲಿ ಅಥೆನ್ಸಿನವರು ವಿಷ ಕುಡಿಸಿ ನಿಗ್ರಹಿಸಿದರು. ನಮ್ಮಲ್ಲಿ ವಿಷ ಕುಡಿದವನಿಗೆ ಗುಡಿ ಕಟ್ಟಿ ನಂಜುಂಡೇಶ್ವರ ಎನ್ನುತ್ತೇವೆ.

ಉಳಿದದ್ದು ಪರಿಹಾರ ಪ್ರಕರಣ. ಅತಿಸರಳಪ್ರಶ್ನೆ ಬಂದಾಗ ಉತ್ತರ ಗೊತ್ತಿದ್ದವರು ಉತ್ತರ ಹೇಳತಕ್ಕದ್ದು. “ಇಷ್ಟೂ ಗೊತ್ತಿಲ್ವಾ?” ಎಂಬುದು ಉತ್ತರವಲ್ಲ, ಅದೂ ಒಂದು ಪ್ರಶ್ನೆ, ಅದೂ ಅತಿಸರಳ, ಯಾಕೆಂದರೆ ಗೊತ್ತಿಲ್ಲವೆಂಬುದು ಕಣ್ಣಿಗೆ ಕಾಣುತ್ತಲೇ ಇರುತ್ತದೆ. ಬೇಸರವಾದರೆ ಕಂಡಕ್ಟರಂತೆ ನಾಲ್ಕು ಮಾತಿನಲ್ಲಿ ಮುಗಿಸಬಹುದು. ಇದಕ್ಕಿಂತ ಹೆಚ್ಚಿನ ನಿಗ್ರಹ ಬೇಕೆನ್ನುವವರು ಪಿಪ್ಪಲಾದರಂತೆ ಮೊದಲು ಒಂದು ವರ್ಷ ಪ್ರಶ್ನಿಗರಿಗೆ ಊಟ, ವಸತಿ ಕೊಡಲಿ.

ಈ ಪ್ರಬಂಧದ ಬಗ್ಗೆ ಓದುಗರಿಗೆ ಸಂದೇಹಗಳಿದ್ದರೆ ಕೇಳಬಹುದು. ಒಂದು ಪತ್ರಕ್ಕೆ ಒಂದೇ ವಿಷಯ, 150 ಪದದೊಳಗೆ ಇರಲಿ. “ಉಂಡ್ರಾ?” ಎಂದು ಕೇಳುವವರಿಗೆ ಈ ಮಿತಿ ಇಲ್ಲ. ಇನ್ನೂ ಇಲ್ಲ ಕನ್ರಪ್ಪ, ಬರೆಯುತ್ತಾ ಹೊತ್ತಾಯಿತು.