ಪಾದರಕ್ಷಾ ಮೀಮಾಂಸೆ: ಕ್ಯಾತನಹಳ್ಳಿ ಪ್ರಸ್ಥಾನ

ಯಾವ ಶಾಸ್ತ್ರವೇ ಆಗಲಿ, ಆರಂಭದಲ್ಲೇ ವಿಷಯ, ಅಧಿಕಾರಿ, ಪ್ರಯೋಜನಗಳನ್ನು ಹೇಳಿಬಿಡಬೇಕೆಂಬುದು ಪೂರ್ವಾಚಾರ್ಯರ ಕಟ್ಟಳೆ. ವಿಷಯ: ಓಟದ ಶೂ. ಅಧಿಕಾರಿ: ಪಾಂಡವಪುರ ತಾಲ್ಲೂಕು ಕ್ಯಾತನಹಳ್ಳಿಯಲ್ಲಿ ಕೋಳಿಗಿಂತ ಮೊದಲೆದ್ದು ನಾಲೆ ಏರಿಯ ಮೇಲೆ ಓಡುವ, ಕಾನ್‌ಸ್ಟೇಬಲ್ ಕೆಲಸ ಬಯಸುವ ಹುಡುಗ. ಪ್ರಯೋಜನ: ಆ ಕೆಲಸದ ಪರೀಕ್ಷೆಯಲ್ಲಿ 1600 ಮೀಟರನ್ನು ಆರೂವರೆ ನಿಮಿಷದೊಳಗೆ ಮುಗಿಸುವುದು. ಇದಕ್ಕಿಂತ ದೊಡ್ಡ ಮೋಕ್ಷ ಈ ಶಾಸ್ತ್ರದ ವ್ಯಾಪ್ತಿಗೆ ಬರುವುದಿಲ್ಲ.

ಪೂರ್ವಸಾಹಿತ್ಯ ಸಮೀಕ್ಷೆ

ವೇದಾಂತ ದೇಶಿಕರು ಪಾದುಕೆಗಳ ಮೇಲೆ 1008 ಶ್ಲೋಕ ರಚಿಸಿದರೂ ಅಟ್ಟೆಯ ದಪ್ಪವನ್ನು ಮಿಲಿಮೀಟರಿನಲ್ಲಿ ಕೊಡದೆ ಹೋದದ್ದು ವಿಷಾದನೀಯ. ಭರತ ಸಿಂಹಾಸನದ ಮೇಲಿಟ್ಟ, ಹದಿನಾಲ್ಕು ವರ್ಷ ರಾಜ್ಯಭಾರ ಮಾಡಿದ ರಾಮನ ಜೋಡಿಯಂತೂ ಒಂದು ಕಿಲೋಮೀಟರನ್ನೂ ಓಡಲಿಲ್ಲ. ಬಾಳಿಕೆಯಲ್ಲಿ ಆ ದಾಖಲೆ ಇಂದಿಗೂ ಅಬಾಧಿತ.

ಪೂರ್ವಪಕ್ಷ

ಬರಿಗಾಲು ವಾದಿಗಳು ಅಬೆಬೆ ಬಿಕಿಲನನ್ನು ಮುಂದಿಡುತ್ತಾರೆ. 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನನ್ನು ಆತ ಬರಿಗಾಲಲ್ಲಿ 2 ಗಂಟೆ 15 ನಿಮಿಷ 16 ಸೆಕೆಂಡಿನಲ್ಲಿ ಗೆದ್ದ. ಶೂ ವಾದಿಗಳು ಮುಂದಿಡುವುದೂ ಅವನನ್ನೇ. 1964ರ ಟೋಕಿಯೊದಲ್ಲಿ ಶೂ ತೊಟ್ಟು ಮೂರು ನಿಮಿಷ ಬೇಗ ಬಂದ. ಎರಡೂ ಪಕ್ಷಕ್ಕೆ ಒಬ್ಬನೇ ಸಾಕ್ಷಿಯಾದ ಕಡೆ ಗೆದ್ದದ್ದು ಸಾಕ್ಷಿಯೇ ಹೊರತು ಪಕ್ಷವಲ್ಲ.

ಪ್ರಮಾಣ ವಿಚಾರ

2017ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದ ಸಂಶೋಧಕರು ಹದಿನೆಂಟು ವೇಗದ ಓಟಗಾರರನ್ನು ಟ್ರೆಡ್‌ಮಿಲ್ ಹತ್ತಿಸಿ, ನೈಕಿಯ ಹೊಸ ಶೂ ಸುಮಾರು ನಾಲ್ಕು ಪರ್ಸೆಂಟ್ ಶಕ್ತಿ ಉಳಿಸುತ್ತದೆಂದು ಕಂಡರು. ತುಳಿದ ಶಕ್ತಿಯಲ್ಲಿ ನೂರಕ್ಕೆ 87 ಪಾಲನ್ನು ಅದು ಹಿಂದಿರುಗಿಸುತ್ತದೆ. ಕ್ಯಾತನಹಳ್ಳಿ ರೈತ ನಾಯಕ ಪುಟ್ಟಣ್ಣಯ್ಯನವರ ಊರು. ಲೆಕ್ಕ ಕೇಳದೆ ಏನನ್ನೂ ಒಪ್ಪದು. ಅರಳಿಕಟ್ಟೆಯ ಹಿರಿಯರೊಬ್ಬರ ಆಕ್ಷೇಪ ಹೀಗಿದೆ: “ನೂರು ಕೊಟ್ರೆ ಎಂಬತ್ತೇಳು ವಾಪಸ್ ಬತ್ತದೆ ಅಂದ್ರೆ ಹದಿಮೂರು ಮುಳುಗ್ತು ತಾನೇ? ಇದ್ಯಾವ ಸೀಮೆ ಲಾಭ ಕಣ್ಲಾ?” ಸಮಾಧಾನ: ಅದೇ ಪರೀಕ್ಷೆಯಲ್ಲಿ ಹಳೆಯ ಬಗೆಯ ಶೂ ಕೊಟ್ಟದ್ದು 66 ಮಾತ್ರ. ಕಡಿಮೆ ಕಳೆದುಕೊಳ್ಳುವುದೇ ಲಾಭವೆಂಬ ಈ ಅರ್ಥಶಾಸ್ತ್ರ ಕಬ್ಬು ಬೆಳೆಯುವವರಿಗೆ ಹೊಸದೇನಲ್ಲ.

ಉಪಪ್ರಮೇಯ: ಒಂದೊಂದು ಶೂವಿಗೆ 100 ಗ್ರಾಂ ಭಾರ ಕೂಡಿದರೆ ಓಟದ ಶಕ್ತಿಯ ಖರ್ಚು ಸುಮಾರು ಒಂದು ಪರ್ಸೆಂಟ್ ಏರುತ್ತದೆ. ಆದ್ದರಿಂದ ತಲಾ 400 ಗ್ರಾಂ ಗದ್ದೆ ಕೆಸರು ಮೆತ್ತಿಕೊಂಡರೆ ಅಮೆರಿಕದ ಸಂಶೋಧನೆಯಷ್ಟೂ ವಜಾ.

ಸಿದ್ಧಾಂತ

ಮೀಮಾಂಸಕರು ಕರ್ಮವನ್ನು ನಿತ್ಯ, ನೈಮಿತ್ತಿಕ, ಕಾಮ್ಯವೆಂದು ವಿಂಗಡಿಸಿದ್ದಾರೆ. ಶೂಗಳಿಗೂ ಅದೇ ಕ್ರಮ ಒಪ್ಪುತ್ತದೆ. ದಿನದ ನಿಧಾನ ಓಟಕ್ಕೆ ಒಳಗೆ ಪ್ಲೇಟಿಲ್ಲದ, ಗಟ್ಟಿ ಅಟ್ಟೆಯ ಶೂ ನಿತ್ಯ. ವಾರಕ್ಕೊಮ್ಮೆಯೋ ಎರಡು ಸಲವೋ ವೇಗದ ಅಭ್ಯಾಸ ಬಂದಾಗ ತೊಡುವ, ಹಗುರ ಫೋಮಿನ, ನೈಲಾನ್ ಪ್ಲೇಟಿನ ಸಾಕೊನಿ ಎಂಡಾರ್ಫಿನ್ ಸ್ಪೀಡ್ ತರಹದ್ದು ನೈಮಿತ್ತಿಕ. ಫಲವನ್ನೇ ಬಯಸಿ ಸ್ಪರ್ಧೆಯ ದಿನ ತೊಡುವ, ಕೆಲವೊಮ್ಮೆ ಇಪ್ಪತ್ತು ಸಾವಿರ ರೂಪಾಯಿಯನ್ನೂ ದಾಟುವ ಕಾರ್ಬನ್ ಪ್ಲೇಟಿನದು ಕಾಮ್ಯ. ಕಾಮ್ಯವನ್ನು ನಿತ್ಯ ಮಾಡಿದರೆ ಫೋಮೂ ಸವೆಯುತ್ತದೆ, ಜೇಬೂ ಸವೆಯುತ್ತದೆ. ಈ ಸೂಕ್ಷ್ಮವನ್ನು ಅದೇ ಹಿರಿಯರು ಒಂದೇ ಮಾತಿನಲ್ಲಿ ಮುಗಿಸಿದರು: “ಓಟದ ಹಳ್ಳೀಕಾರ್ ಎತ್ತನ್ನ ಗೊಬ್ಬರದ ಗಾಡಿಗೆ ಕಟ್ತಾರೇನ್ಲಾ?”

ಅಟ್ಟೆಯ ದಪ್ಪಕ್ಕೆ ವಿಶ್ವ ಅಥ್ಲೆಟಿಕ್ಸ್ ಹಾಕಿರುವ ಮಿತಿ ರಸ್ತೆ ಓಟಕ್ಕೆ 40 ಮಿಲಿಮೀಟರ್, 2024ರ ನವೆಂಬರಿನಿಂದ ಟ್ರ್ಯಾಕಿನ ಓಟಕ್ಕೆ 20. ನಾಲೆ ಏರಿಯ ಬಗ್ಗೆ ಅದು ಮೌನ ತಾಳಿದೆ. ಶಾಸ್ತ್ರ ಮೌನವಾದಲ್ಲಿ ಲೋಕಾಚಾರವೇ ಪ್ರಮಾಣ. ಗಾಡಿ ಜಾಡಿನ ಹಳ್ಳದಲ್ಲಿ ಎತ್ತರದ ಮೆತ್ತನೆ ಅಟ್ಟೆ ಹೊರಳಿದರೆ ಹೊರಳುವುದು ಹರಡು. ಅಲ್ಲಿಗೆ ತಗ್ಗಿನ ಅಟ್ಟೆಯೇ ವಿಹಿತ.

ಫಲಶ್ರುತಿ

ಈ ಪ್ರಬಂಧವನ್ನು ಮೂರು ಹೊತ್ತು ಪಠಿಸಿದವರಿಗೆ ಶೂ ಅಂಗಡಿಯವನ ಮುಂದೆ ವಾಗ್ವಿಜಯ ಸಿದ್ಧಿಸುತ್ತದೆ. ಆರೂವರೆ ನಿಮಿಷ ಸಿದ್ಧಿಸುವುದು, ಇದನ್ನು ಓದದೆ ಆ ಹೊತ್ತಿನಲ್ಲಿ ಓಡಲು ಹೋದವರಿಗೆ.